ಬೆನ್ನಿನ ಬೇನೆಯೂ ಕೈಯ ಚಿಕಿತ್ಸೆಯೂ



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಶಾಸ್ತ್ರ, ಸಾಹಿತ್ಯ, ಸಮಾಜಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ರೂಢಿ. ಈ ಸಲ ಬೆನ್ನುನೋವನ್ನು ಕುರಿತು ಬರೆಯಲು ಕುಳಿತಿದ್ದೇವೆ. ಮಠದ ಸ್ವಾಮಿಗಳಿಗೂ ಟೊಂಕದ ಬೇನೆಗೂ ಏನು ಸಂಬಂಧವೆಂದು ತಾವು ನಗಬಹುದು. ಸಂಬಂಧ ಎರಡುಂಟು. ನಮ್ಮ ಸ್ವಂತ ಬೆನ್ನು ಬಹುಕಾಲದಿಂದ ನಮ್ಮನ್ನು ಪೀಡಿಸುತ್ತಿರುವುದು ಒಂದು. ಆ ಬೆನ್ನಿಗೆ ದೊರೆತ ಉಪಶಮನವನ್ನು ಕುರಿತು ನಾವು ಒಂದು ಸಂಜೆ ಪ್ರವಚನದಲ್ಲಿ ಆಡಿದ ಮಾತು ಮತ್ತೊಬ್ಬರ ಬೆನ್ನಿಗೆ ಭಾರವಾದುದು ಇನ್ನೊಂದು. ಮೊದಲನೆಯದು ಬರೆಯುವಷ್ಟು ದೊಡ್ಡ ಸಂಗತಿಯಲ್ಲ. ಎರಡನೆಯದಕ್ಕಾಗಿಯೇ ಈ ಲೇಖನ.

ಸ್ವಾಮಿಗಳ ಜೀವನಕ್ರಮವನ್ನು ತಾವು ಬಲ್ಲಿರಿ. ನಸುಕಿನಲ್ಲಿ ಪೂಜೆಗೆ ಕುಳಿತರೆ ಎಡ ಅಂಗೈಯಲ್ಲಿ ಲಿಂಗವನ್ನು ಹಿಡಿದು, ಕೊರಳು ಬಾಗಿಸಿ, ದೃಷ್ಟಿಯನ್ನು ನೆಟ್ಟು ಗಂಟೆಗಟ್ಟಲೆ ಕುಳಿತಿರಬೇಕು. ಅನಂತರ ದರ್ಶನಕ್ಕೆ ಬಂದ ಭಕ್ತರ ಮುಂದೆ ಮತ್ತೆ ಕುಳಿತಿರಬೇಕು. ಊರೂರಿಗೆ ಹೋಗುವಾಗ ವಾಹನದಲ್ಲಿ ಕುಳಿತಿರಬೇಕು. ಹೋದ ಊರಿನ ವೇದಿಕೆಯ ಮೇಲೆ ಮಧ್ಯರಾತ್ರಿಯವರೆಗೂ ಕುಳಿತಿರಬೇಕು. ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುವ ವಟುವಾಗಿದ್ದಾಗಲೂ, ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗಲೂ ನಮಗೆ ಆಸನ ಹಾಕಿ ಕೂರುವುದನ್ನು ಕಲಿಸಿದವರುಂಟು. ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದವರಿಲ್ಲ. ನಾಲ್ವತ್ತು ದಾಟುವ ಹೊತ್ತಿಗೆ ಟೊಂಕದಲ್ಲಿ ಒಂದು ಶೂಲೆ ಮನೆಮಾಡಿಕೊಂಡಿತು. ಎಣ್ಣೆ ತಿಕ್ಕಿಸಿದೆವು, ಬಿಸಿನೀರಿನ ಶಾಖ ಕೊಡಿಸಿದೆವು, ಪಟ್ಟಿ ಕಟ್ಟಿಕೊಂಡೆವು. ಅದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

೨೦೧೯ರ ಬೇಸಗೆಯಲ್ಲಿ ಅಮೆರಿಕದಲ್ಲಿರುವ ನಮ್ಮ ಭಕ್ತರ ಆಗ್ರಹದ ಮೇರೆಗೆ ಅಲ್ಲಿಗೆ ಪ್ರಯಾಣ ಮಾಡುವ ಸಂದರ್ಭ ಒದಗಿತು. ವಿಮಾನದಲ್ಲಿ ಹದಿನಾರು ಗಂಟೆ ಕುಳಿತ ಫಲವಾಗಿ ಶಿಕಾಗೊ ನಗರದಲ್ಲಿ ಇಳಿಯುವಾಗ ನಮಗೆ ನೆಟ್ಟಗೆ ನಿಲ್ಲುವುದೇ ದುಸ್ತರವಾಯಿತು. ನಾವು ತಂಗಿದ್ದ ಮನೆಯ ಯಜಮಾನರು ನಮ್ಮ ಪ್ರಸಾದ ನಿಲಯದಲ್ಲಿಯೇ ಉಂಡು ಓದಿ ಇಂಜಿನಿಯರರಾದವರು. ಮೂರನೆಯ ದಿನವೂ ನಾವು ಗೋಡೆ ಹಿಡಿದು ನಡೆಯುವುದನ್ನು ಕಂಡು, "ಅಜ್ಜಾರ, ಇಲ್ಲೊಬ್ಬರು ಕೈರೊಪ್ರ್ಯಾಕ್ಟರ್ ಇದ್ದಾರೆ, ನಮ್ಮ ತಾಯಿಯವರಿಗೂ ಅವರಿಂದ ಗುಣವಾಗಿದೆ. ಅಪ್ಪಣೆಯಾದರೆ ಕರೆದೊಯ್ಯುತ್ತೇನೆ" ಎಂದರು. ಆ ಶಬ್ದವನ್ನು ನಾವು ಕೇಳಿದ್ದು ಅದೇ ಮೊದಲು.

ಗ್ರೀಕ್ ಭಾಷೆಯಲ್ಲಿ 'ಖೈರ್' ಎಂದರೆ ಹಸ್ತ. 'ಪ್ರಾಕ್ಸಿಸ್' ಎಂದರೆ ಕ್ರಿಯೆ. ಹಸ್ತದಿಂದ ಮಾಡುವ ಕ್ರಿಯೆಯೇ ಕೈರೊಪ್ರ್ಯಾಕ್ಟಿಕ್. ಕನ್ನಡದ 'ಕೈ' ಎಂಬ ಮಾತಿಗೂ ಗ್ರೀಕರ 'ಖೈರ್'ಗೂ ಇರುವ ಹೋಲಿಕೆ ಆಕಸ್ಮಿಕವಾದುದು. ಆದರೂ ಕನ್ನಡಿಗನಿಗೆ ಈ ವಿದ್ಯೆಯ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಲು ಅದು ಒದಗಿಬರುತ್ತದೆ. ಔಷಧ ಕೊಡದೆ, ಶಸ್ತ್ರ ಹಿಡಿಯದೆ, ಬೆನ್ನೆಲುಬಿನ ಮತ್ತು ಇತರ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ, ಸಡಿಲಿಸಿ ನೋವನ್ನು ಕಡಮೆ ಮಾಡುವುದು ಇದರ ಮುಖ್ಯ ಕೆಲಸ.

ನಾವು ಕಂಡ ಚಿಕಿತ್ಸಕರು ಅರವತ್ತರ ಆಸುಪಾಸಿನ ಸೌಮ್ಯ ಸ್ವಭಾವದವರು. ಅವರು ನಮ್ಮನ್ನು ಮುಟ್ಟುವ ಮೊದಲು ಮುಕ್ಕಾಲು ಗಂಟೆ ಪ್ರಶ್ನೆಗಳನ್ನು ಕೇಳಿದರು. ನೋವು ಯಾವಾಗ ಆರಂಭವಾಯಿತು, ಕಾಲಿಗೆ ಇಳಿಯುತ್ತದೆಯೆ, ಜೋಮು ಹಿಡಿಯುತ್ತದೆಯೆ, ರಾತ್ರಿ ಮಲಗಿದಾಗ ಹೆಚ್ಚುತ್ತದೆಯೆ, ಜ್ವರ ಬರುತ್ತದೆಯೆ, ತೂಕ ಇಳಿದಿದೆಯೆ, ಮಲಮೂತ್ರಗಳ ಮೇಲೆ ಹಿಡಿತವಿದೆಯೆ, ಎಂದಾದರೂ ಬಿದ್ದಿದ್ದಿರಾ, ಕ್ಷಯ ಅಥವಾ ಅರ್ಬುದ ರೋಗ ಆಗಿತ್ತೆ ಎಂದು ಒಂದೊಂದಾಗಿ ವಿಚಾರಿಸಿ ಬರೆದುಕೊಂಡರು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹೆಬ್ಬೆರಳನ್ನು ಮೇಲೆತ್ತಲು ಹೇಳಿ ತಾವು ಒತ್ತಿಹಿಡಿದು ಬಲ ನೋಡಿದರು. ರಕ್ತದ ಒತ್ತಡ ಅಳೆದರು, ಅದು ಹೆಚ್ಚಾಗಿತ್ತು. "ಇದಕ್ಕೆ ನನ್ನಲ್ಲಿ ಮದ್ದಿಲ್ಲ, ತಮ್ಮ ವೈದ್ಯರನ್ನು ಕಾಣಲೇಬೇಕು" ಎಂದು ಬರೆದುಕೊಟ್ಟರು.

ಬೋರಲಾಗಿ ಮಲಗಬೇಕೆಂದಾಗ ನಮಗೊಂದು ಸಂಕೋಚ ಉಂಟಾಯಿತು. ಎದೆಯ ಮೇಲೆ ಲಿಂಗವಿದೆ. ಅದನ್ನು ದೇಹದಿಂದ ಅಗಲಿಸುವಂತಿಲ್ಲ, ಅದರ ಮೇಲೆ ಭಾರ ಹಾಕಿ ಮಲಗುವಂತೆಯೂ ಇಲ್ಲ. ನಮ್ಮ ಭಕ್ತರು ವಿಷಯವನ್ನು ವಿವರಿಸಿದರು. ಆ ಚಿಕಿತ್ಸಕರು ಒಂದು ಕ್ಷಣವೂ ಬೇಸರಿಸದೆ, ಅದನ್ನು ವಸ್ತ್ರದಲ್ಲಿ ಸುತ್ತಿ ಅಂಗೈಯಲ್ಲಿಯೇ ಹಿಡಿದುಕೊಳ್ಳಿರಿ, ನಾವು ಪಕ್ಕಕ್ಕೆ ಒರಗಿಸಿಯೇ ಚಿಕಿತ್ಸೆ ಮಾಡಬಹುದು ಎಂದರು. ಹಾಗೆಯೇ ಆಯಿತು. ಮೇಲಿನ ಕಾಲನ್ನು ಮಡಚಿಸಿ, ಭುಜವನ್ನು ಒಂದು ಕೈಯಿಂದ ತಡೆಹಿಡಿದು, ಇನ್ನೊಂದು ಕೈಯಿಂದ ಟೊಂಕವನ್ನು ಮೆಲ್ಲಗೆ ತಿರುಗಿಸಿ ಕೊನೆಯಲ್ಲಿ ಚುರುಕಾಗಿ ಒಂದು ಒತ್ತು ಕೊಟ್ಟರು. ನೆಟಿಗೆ ಮುರಿದಂತೆ ಸದ್ದಾಯಿತು. ಇಷ್ಟಕ್ಕೆಲ್ಲ ಐದು ನಿಮಿಷ ಹಿಡಿದಿರಬಹುದು. ಅನಂತರ ಮೂರು ಸರಳ ವ್ಯಾಯಾಮಗಳನ್ನು ಕಲಿಸಿ, ಅರ್ಧ ಗಂಟೆಗೊಮ್ಮೆ ಏಳಬೇಕೆಂದು ಕಟ್ಟಪ್ಪಣೆ ಮಾಡಿದರು. ಕೊರಳಿಗೂ ಹಾಗೆಯೇ ನೆಟಿಗೆ ತೆಗೆಯಿರೆಂದು ನಾವೇ ಕೇಳಿದೆವು. ಅವರು ನಕ್ಕು, "ತಮ್ಮ ಕೊರಳಿನಲ್ಲಿ ತೊಂದರೆಯಿಲ್ಲ, ಈ ರಕ್ತದೊತ್ತಡವಿರುವಾಗ ಅದಕ್ಕೆ ನಾನು ಕೈಹಾಕುವುದಿಲ್ಲ" ಎಂದರು. ಮೂರು ಸಲ ಹೋಗಿಬಂದ ಮೇಲೆ ನಾವು ನೆಟ್ಟಗೆ ನಡೆದೆವು.

ಗುಣ ಕಂಡವನಿಗೆ ಕುತೂಹಲ ಸಹಜ. ಈ ವಿದ್ಯೆ ಹುಟ್ಟಿದ ಊರು ಅಯೋವಾ ಪ್ರಾಂತದ ಡ್ಯಾವನ್‌ಪೋರ್ಟ್. ಮಿಸಿಸಿಪ್ಪಿ ನದಿಯ ದಂಡೆಯ ಮೇಲಿದೆ. ಶಿಕಾಗೊ ನಗರದಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ಭಕ್ತರು ನಮ್ಮನ್ನು ಅಲ್ಲಿಗೂ ಕರೆದುಕೊಂಡು ಹೋದರು. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿದ್ದರಿಂದ ನಾಲ್ಕು ಗಂಟೆ ಹಿಡಿಯಿತೆಂಬುದನ್ನೂ ಹೇಳಿಬಿಡಬೇಕು. ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ೧೮೪೫ರಲ್ಲಿ ಕೆನಡಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ಶಾಲಾ ಶಿಕ್ಷಕನಾಗಿ, ಜೇನು ಸಾಕಿ, ಕಿರಾಣಿ ಅಂಗಡಿ ನಡೆಸಿ, ಕೊನೆಗೆ ಕೈಯ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿಮಾಡುವೆನೆಂದು ಡ್ಯಾವನ್‌ಪೋರ್ಟಿನಲ್ಲಿ ನೆಲೆನಿಂತವನು. ೧೮೯೫ರ ಸೆಪ್ಟೆಂಬರ್ ತಿಂಗಳಲ್ಲಿ ತಾನಿದ್ದ ಕಟ್ಟಡದ ಕಸಗುಡಿಸುವ ಕಾಯಕದ ಹಾರ್ವೆ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನಿನ ಮಣಿಯೊಂದನ್ನು ಒತ್ತಿದಾಗ ಅವನಿಗೆ ಕಿವಿ ಕೇಳಿಸಿತೆಂಬುದು ಪಾಮರನ ಹೇಳಿಕೆ. ಅದರಿಂದ ಆತನು, ಸ್ಥಾನ ತಪ್ಪಿದ ಬೆನ್ನಿನ ಮಣಿಗಳು ನರಗಳನ್ನು ಒತ್ತುವುದರಿಂದಲೇ ನೂರಕ್ಕೆ ತೊಂಬತ್ತೈದು ರೋಗಗಳು ಹುಟ್ಟುತ್ತವೆ ಎಂಬ ಸಿದ್ಧಾಂತವನ್ನು ಕಟ್ಟಿದನು. ೧೮೯೭ರಲ್ಲಿ ಶಾಲೆ ತೆರೆದನು. ಅದು ಇಂದಿಗೂ ಅದೇ ಊರಿನಲ್ಲಿ ಕಾಲೇಜಾಗಿ ನಡೆಯುತ್ತಿದೆ.

ಇಲ್ಲಿ ವಿಚಾರವಂತರಾದ ತಾವು ಒಂದು ಪ್ರಶ್ನೆ ಎತ್ತಬಹುದು. ಕಿವಿಯಿಂದ ಮೆದುಳಿಗೆ ಹೋಗುವ ಶ್ರವಣನರವು ತಲೆಬುರುಡೆಯೊಳಗೆಯೇ ಇದೆ. ಬೆನ್ನೆಲುಬಿನ ದಾರಿಯಲ್ಲಿ ಅದು ಹಾಯುವುದೇ ಇಲ್ಲ. ಹೀಗಿರಲಾಗಿ ಬೆನ್ನು ಒತ್ತಿದರೆ ಕಿವುಡು ಹೋಗುವುದು ಹೇಗೆ? ಪ್ರಶ್ನೆ ನ್ಯಾಯವಾದುದು. ಆರಂಭದಲ್ಲಿಯೇ ಈ ವಿದ್ಯೆಯೊಳಗೆ ಒಂದು ಅತಿಶಯೋಕ್ತಿ ಸೇರಿಕೊಂಡಿತು. ಪಾಮರನು ಶರೀರದೊಳಗೆ ಒಂದು ಸಹಜ ಪ್ರಜ್ಞೆಯಿದೆ, ಅದು ನರಗಳ ಮೂಲಕ ಹರಿದು ದೇಹವನ್ನು ಕಾಪಾಡುತ್ತದೆ, ಅದರ ಹಾದಿಯನ್ನು ತೆರವು ಮಾಡುವುದೇ ಚಿಕಿತ್ಸಕನ ಕೆಲಸ ಎಂದೂ ಹೇಳಿದನು. ಇದನ್ನು ಓದಿದಾಗ ನಮ್ಮ ಮನಸ್ಸು ಉಬ್ಬಿತೆಂಬುದನ್ನು ಮರೆಮಾಚುವುದಿಲ್ಲ. ನಮ್ಮ ಶಾಸ್ತ್ರಗಳ ಚೈತನ್ಯತತ್ತ್ವವನ್ನೇ ಆ ಪಾಶ್ಚಾತ್ಯನು ಅರಿಯದೆ ಹೇಳಿದನಲ್ಲ ಎಂದು ಹಿಗ್ಗಿದೆವು. ಈಗ ಯೋಚಿಸಿದರೆ ಆ ಹಿಗ್ಗು ಸರಿಯಾದುದಲ್ಲ. ತತ್ತ್ವಶಾಸ್ತ್ರದ ಚೈತನ್ಯ ಬೇರೆ, ಟೊಂಕದ ಕೀಲು ಬೇರೆ. ಒಂದರ ಗೌರವವನ್ನು ಇನ್ನೊಂದಕ್ಕೆ ಸಾಲ ಕೊಟ್ಟರೆ ಎರಡಕ್ಕೂ ಅನ್ಯಾಯ.

ಈ ಪಂಥದವರು ಪಟ್ಟ ಪಾಡೂ ಕಡಮೆಯದಲ್ಲ. ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು ೧೯೦೬ರಲ್ಲಿ ಪಾಮರನೇ ಸೆರೆಮನೆ ಕಂಡನು. ಅವನು ತೀರಿಕೊಂಡ ೧೯೧೩ರಲ್ಲಿಯೇ ಕ್ಯಾನ್ಸಸ್ ಪ್ರಾಂತವು ಈ ವೃತ್ತಿಗೆ ಪರವಾನಗಿ ಕೊಡುವ ಮೊದಲ ಕಾಯಿದೆ ಮಾಡಿತು. ೧೯೭೪ರಲ್ಲಿ ಲೂಯಿಸಿಯಾನ ಕೊನೆಯದಾಗಿ ಒಪ್ಪಿತು. ಅಮೆರಿಕದ ವೈದ್ಯರ ಸಂಘವು ಇವರನ್ನು ಬಹಿಷ್ಕರಿಸಿದ್ದರಿಂದ ೧೯೭೬ರಲ್ಲಿ ಕೆಲವು ಕೈರೊಪ್ರ್ಯಾಕ್ಟರರು ದಾವೆ ಹೂಡಿದರು. ೧೯೮೭ರಲ್ಲಿ ಶಿಕಾಗೊ ನಗರದ ನ್ಯಾಯಾಲಯವು ಆ ಬಹಿಷ್ಕಾರ ಕಾನೂನುಬಾಹಿರವೆಂದು ತೀರ್ಪಿತ್ತಿತು. ಈಗ ಅಲ್ಲಿ ಪದವಿ ವ್ಯಾಸಂಗದ ತರುವಾಯ ಸುಮಾರು ನಾಲ್ಕು ವರ್ಷ ಓದಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಪ್ರಾಂತದ ಪರವಾನಗಿ ಪಡೆದವರು ಮಾತ್ರ ಈ ಕೆಲಸ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಇವರ ಶಿಕ್ಷಣಕ್ಕೂ ಸುರಕ್ಷತೆಗೂ ಮಾರ್ಗಸೂಚಿಗಳನ್ನು ಪ್ರಕಟಿಸಿತು.

ಕೈಯಿಂದ ಎಲುಬು ಕೀಲುಗಳನ್ನು ಸರಿಪಡಿಸುವ ವಿದ್ಯೆ ಪಾಮರನಿಗಿಂತ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಎಲುಬು ಮುರಿಯುವುದನ್ನೂ ಕೀಲು ತಪ್ಪುವುದನ್ನೂ ಬೇರೆ ಬೇರೆಯಾಗಿ ವಿಂಗಡಿಸಿ, ಎಳೆದು ಕೂಡಿಸಿ ಕಟ್ಟುವ ಕ್ರಮವನ್ನು ಹೇಳಿದೆ. ಗ್ರೀಕರ ಹಿಪಾಕ್ರಟೀಸನ ಗ್ರಂಥಗಳಲ್ಲಿಯೂ ಬೆನ್ನನ್ನು ಎಳೆದು ಒತ್ತುವ ವಿಧಾನವುಂಟು. ನಮ್ಮ ಹಳ್ಳಿಗಳಲ್ಲಿ ಉಳುಕು ತೆಗೆಯುವವರು, ಎಲುಬು ಕೂಡಿಸುವವರು, ಗರಡಿಮನೆಯ ವಸ್ತಾದರು ಇಂದಿಗೂ ಇದ್ದಾರೆ. ಅವರಲ್ಲಿ ಕೈಗುಣವುಳ್ಳವರನ್ನು ನಾವೂ ಬಲ್ಲೆವು.

ಹಾಗಾದರೆ ಒತ್ತಿದಾಗ ಒಳಗೆ ನಡೆಯುವುದೇನು? ನಮ್ಮ ಬೆನ್ನೆಲುಬಿನಲ್ಲಿ ಹುಟ್ಟುವಾಗ ಮೂವತ್ತಮೂರು ಮಣಿಗಳಿರುತ್ತವೆ. ಬೆಳೆದಂತೆ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡು, ಕೊರಳಿನಲ್ಲಿ ೭, ಎದೆಯ ಹಿಂದೆ ೧೨, ಟೊಂಕದಲ್ಲಿ ೫, ಒಟ್ಟು ೨೪ ಮಣಿಗಳು ಚಲಿಸುವಂತೆ ಉಳಿಯುತ್ತವೆ. ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ; ಹಿಂಬದಿಯಲ್ಲಿ ಪುಟ್ಟ ಕೀಲುಗಳಿವೆ; ಸುತ್ತಲೂ ಸ್ನಾಯುಗಳ ಬಿಗಿತ. ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದು ಟೊಂಕದ ಮೇಲ್ಭಾಗದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ನರಗಳು ಕುದುರೆಯ ಬಾಲದಂತೆ ಹರಡಿಕೊಳ್ಳುತ್ತವೆ. ಕೀಲನ್ನು ಅದರ ಸಹಜ ಮಿತಿಯವರೆಗೆ ಒಯ್ದು ಚುರುಕಾಗಿ ಒತ್ತಿದಾಗ ಕೀಲಿನ ದ್ರವದಲ್ಲಿ ಒಂದು ವಾಯುವಿನ ಗುಳ್ಳೆ ಏರ್ಪಡುತ್ತದೆ. ನಾವು ಕೇಳುವ ಸದ್ದು ಅದೇ. ಜಾರಿದ ಎಲುಬು ತನ್ನ ಜಾಗಕ್ಕೆ ಬಂದು ಕೂತ ಸದ್ದು ಅದಲ್ಲ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ನೋವಿನ ಸಂವೇದನೆ ಕೆಲಕಾಲ ತಗ್ಗುತ್ತದೆ, ಚಲನೆ ಸುಲಭವಾಗುತ್ತದೆ. ಆ ಅವಕಾಶದಲ್ಲಿ ರೋಗಿಯು ನಡೆದಾಡಿ ವ್ಯಾಯಾಮ ಮಾಡಿದರೆ ಗುಣ ನಿಲ್ಲುತ್ತದೆ. ಮತ್ತೆ ಹಾಗೆಯೇ ಕುಳಿತರೆ ನೋವೂ ಹಾಗೆಯೇ ಮರಳುತ್ತದೆ.

ಜಗತ್ತಿನಲ್ಲಿ ೨೦೨೦ರಲ್ಲಿ ಸುಮಾರು ೬೧.೯ ಕೋಟಿ ಜನ ಟೊಂಕದ ನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಯಾವ ಘೋರ ರೋಗವೂ ಇರುವುದಿಲ್ಲ. ಹೊಸದಾಗಿ ಬಂದ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಮೆರಿಕದ ವೈದ್ಯರ ಕಾಲೇಜು ೨೦೧೭ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ, ಟೊಂಕದ ನೋವಿಗೆ ಮೊದಲು ಮಾತ್ರೆ ನುಂಗಿಸದೆ ಶಾಖ, ಮರ್ದನ, ವ್ಯಾಯಾಮ ಮುಂತಾದವುಗಳನ್ನು ಪ್ರಯತ್ನಿಸಬಹುದೆಂದಿದೆ. ಬೆನ್ನೆಲುಬಿನ ಹಸ್ತಚಿಕಿತ್ಸೆಯೂ ಆ ಪಟ್ಟಿಯಲ್ಲಿ ಸೇರಿದೆ. ೨೦೧೬ರ ಬ್ರಿಟನ್ನಿನ ಸೂಚನೆಯಲ್ಲಿ, ವ್ಯಾಯಾಮದ ಜೊತೆಗೂಡಿದ್ದರೆ ಮಾತ್ರ ಇದು ಸಲ್ಲುತ್ತದೆಂದಿದೆ. ಎಂದರೆ ಈ ಚಿಕಿತ್ಸೆಯಿಂದ ಟೊಂಕದ ನೋವಿಗೆ ಸಾಧಾರಣ ಮಟ್ಟದ ಉಪಶಮನವುಂಟು. ಬೇರೆ ಒಳ್ಳೆಯ ಚಿಕಿತ್ಸೆಗಳಿಂದ ಆಗುವಷ್ಟೇ ಇದರಿಂದಲೂ ಆಗುತ್ತದೆ. ಉಬ್ಬಸ, ಕಿವಿಸೋರಿಕೆ, ಮಧುಮೇಹ ಮುಂತಾದ ರೋಗಗಳು ಬೆನ್ನು ಒತ್ತಿದರೆ ಹೋಗುತ್ತವೆಂಬುದಕ್ಕೆ ಆಧಾರವಿಲ್ಲ.

ಇಷ್ಟನ್ನೂ ನಾವು ಆ ವರ್ಷವೇ ಓದಿ ತಿಳಿದು ಮಾತನಾಡಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಆದುದು ಬೇರೆ. ಮರಳಿ ಬಂದ ಮೇಲೆ ಶ್ರಾವಣ ಮಾಸದ ಪ್ರವಚನ ಆರಂಭವಾಯಿತು. ಒಂದು ಸಂಜೆ ವಿದೇಶದ ಅನುಭವಗಳನ್ನು ಹೇಳುತ್ತ, ಹಸ್ತದ ಮಹಿಮೆಯನ್ನು ವರ್ಣಿಸುವ ಉತ್ಸಾಹದಲ್ಲಿ, "ಸೂಜಿಯಿಲ್ಲ, ಗುಳಿಗೆಯಿಲ್ಲ, ಕೈಯಿಂದ ಒಂದು ಒತ್ತು, ಐದು ನಿಮಿಷದಲ್ಲಿ ಬೆನ್ನು ನೆಟ್ಟಗೆ!" ಎಂದುಬಿಟ್ಟೆವು. ಸಭೆ ಚಪ್ಪಾಳೆ ತಟ್ಟಿತು. ಆ ಐದು ನಿಮಿಷವನ್ನು ಹೇಳಿದ ನಾವು ಅದರ ಹಿಂದಿನ ಮುಕ್ಕಾಲು ಗಂಟೆಯನ್ನು ಹೇಳಲಿಲ್ಲ. ಕೇಳಿದ ಪ್ರಶ್ನೆಗಳನ್ನು ಹೇಳಲಿಲ್ಲ, ಕೊರಳಿಗೆ ಕೈಹಾಕಲು ಅವರು ಒಪ್ಪದಿದ್ದುದನ್ನು ಹೇಳಲಿಲ್ಲ. ಕಥೆಗೆ ಅವು ರುಚಿ ಕೊಡುವ ಅಂಶಗಳಾಗಿರಲಿಲ್ಲ.

ಆ ಸಭೆಯ ಹಿಂದಿನ ಸಾಲಿನಲ್ಲಿ ಮಠದ ಉಗ್ರಾಣಕ್ಕೆ ಜೋಳ ಅಕ್ಕಿಗಳ ಚೀಲ ಹೊರುವ ಒಬ್ಬ ಭಕ್ತರು ಕುಳಿತಿದ್ದರು. ಅವರ ವಯಸ್ಸು ಐವತ್ತರ ಮೇಲೆ. ಮೂವತ್ತು ವರ್ಷ ದಾಸೋಹಕ್ಕೆ ಬಂದ ಧಾನ್ಯವೆಲ್ಲ ಅವರ ಬೆನ್ನಿನ ಮೇಲೆಯೇ ಒಳಗೆ ಬಂದಿದೆ. ಅವರಿಗೆ ಎರಡು ತಿಂಗಳಿಂದ ಬೆನ್ನುನೋವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಮೈ ಇಳಿದಿತ್ತು. ನಾವು ನಿತ್ಯ ನೋಡುತ್ತಿದ್ದರೂ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಅವರು ಪಟ್ಟಣದಲ್ಲಿ ಬೆನ್ನು ಸರಿಪಡಿಸುವುದಾಗಿ ಫಲಕ ಹಾಕಿಕೊಂಡಿದ್ದ ಒಬ್ಬರ ಬಳಿಗೆ ಹೋದರು. ಅವರಿಗೆ ಯಾವ ಶಿಕ್ಷಣವೂ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಒಂದು ಪ್ರಶ್ನೆಯನ್ನೂ ಕೇಳದೆ ಮೂರು ದಿನ ಬೆನ್ನನ್ನು ತಿರುವಿದರು. ನಾಲ್ಕನೆಯ ದಿನ ಬೆಳಗ್ಗೆ ಈ ಭಕ್ತರಿಗೆ ಹಾಸಿಗೆಯಿಂದ ಕಾಲು ಎತ್ತಲಾಗಲಿಲ್ಲ, ಮೂತ್ರ ಕಟ್ಟಿತ್ತು.

ಆಸ್ಪತ್ರೆಯಲ್ಲಿ ಚಿತ್ರ ತೆಗೆಸಿದಾಗ ಬೆನ್ನೆಲುಬಿನ ಕ್ಷಯವೆಂದು ಗೊತ್ತಾಯಿತು. ಎರಡು ಮಣಿಗಳು ಸವೆದು, ಕೀವು ತುಂಬಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಅದೇ ದಿನ ಶಸ್ತ್ರಚಿಕಿತ್ಸೆಯಾಯಿತು. ನಾವು ವೈದ್ಯರನ್ನು ನೇರವಾಗಿ ಕೇಳಿದೆವು: ತಿರುವಿದ್ದರಿಂದಲೇ ಹೀಗಾಯಿತೆ? ಅವರು ನಿಷ್ಪಕ್ಷಪಾತವಾಗಿ ಉತ್ತರಿಸಿದರು. ರೋಗ ಮೊದಲೇ ಇತ್ತು; ತಿರುವದಿದ್ದರೂ ಕಾಲಿನ ಬಲ ಹೋಗಬಹುದಿತ್ತು. ಆದರೆ ಸವೆದ ಎಲುಬಿಗೆ ಬಲ ಹಾಕುವುದು ಅಪಾಯ. ಎರಡು ತಿಂಗಳ ಹಿಂದೆಯೇ ಬಂದಿದ್ದರೆ ಮಾತ್ರೆಗಳಿಂದಲೇ ವಾಸಿಯಾಗುವ ಸಂಭವ ಹೆಚ್ಚಾಗಿತ್ತು ಎಂದರು.

ನಾವು ಹಾಸಿಗೆಯ ಪಕ್ಕದಲ್ಲಿ ನಿಂತಾಗ ಆ ಭಕ್ತರು ಮಲಗಿದಲ್ಲಿಂದಲೇ ಕೈ ಮುಗಿದರು. "ತಾವ ಹೇಳಿದ್ರಲ್ಲರೀ ಅಜ್ಜಾರ, ಕೈಯಿಂದನ ಬೆನ್ನು ನೆಟ್ಟಗ ಆಗತೈತಿ ಅಂತ. ಅದಕ್ಕ ಹೋಗಿದ್ದೆ" ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಮಗ್ಗುಲಲ್ಲಿದ್ದ ಅವರ ಹೆಂಡತಿ ಮಾತ್ರ ನಮ್ಮ ಮುಖ ನೋಡದೆ ನೆಲ ನೋಡುತ್ತಿದ್ದರು. ನಮಗೆ ಉತ್ತರ ತೋಚಲಿಲ್ಲ. ಹಿಂದಿರುಗಿ ಬಂದು ಆ ರಾತ್ರಿ ಪೂಜೆಗೆ ಕುಳಿತಾಗ ಅಂಗೈ ನಡುಗಿತು.

ವಾಚಕರೆ, ಸ್ವಾಮಿಗಳ ಮಾತಿಗೆ ನಮ್ಮ ಸಮಾಜದಲ್ಲಿ ಒಂದು ತೂಕವುಂಟು. ಆ ತೂಕ ಪೀಠದಿಂದ ಬಂದುದು, ಹಿಂದಿನ ಗುರುಗಳ ತಪಸ್ಸಿನಿಂದ ಬಂದುದು. ಶಾಸ್ತ್ರ ಹೇಳುವಾಗಲೂ ಬೆನ್ನುನೋವಿಗೆ ದಾರಿ ಹೇಳುವಾಗಲೂ ಕೇಳುವವರು ಅದನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಆದ್ದರಿಂದ ನಮಗೆ ಅಧಿಕಾರವಿಲ್ಲದ ವಿಷಯದಲ್ಲಿ ಅರ್ಧ ಸತ್ಯವನ್ನು ಆಡುವುದು ಪೂರ್ಣ ಅಸತ್ಯಕ್ಕಿಂತ ಹೆಚ್ಚು ಹಾನಿಕರ. ಮುಂದಿನ ಶ್ರಾವಣದಲ್ಲಿ ರೋಗಭೀತಿಯಿಂದಾಗಿ ಸಭೆ ಸೇರಲಿಲ್ಲ. ೨೦೨೨ರ ಶ್ರಾವಣದಲ್ಲಿ ಅದೇ ವೇದಿಕೆಯಿಂದ ನಾವು ತಪ್ಪನ್ನು ಒಪ್ಪಿಕೊಂಡೆವು. ಸಭೆಗೆ ಬಾರದವರಿಗೂ ತಲುಪಲೆಂದು ಈಗ ಬರೆಯುತ್ತಿದ್ದೇವೆ. ಅಂದು ಬಿಟ್ಟ ಮುಕ್ಕಾಲು ಗಂಟೆಯನ್ನು ಇಲ್ಲಿ ತುಂಬಿಕೊಡಲು ಯತ್ನಿಸುತ್ತೇವೆ. ವೈದ್ಯರಿಂದ ಕೇಳಿ ತಿಳಿದುದನ್ನೇ ಹೇಳುತ್ತಿದ್ದೇವೆ. ದಯಮಾಡಿ ಗಮನವಿಟ್ಟು ಓದಬೇಕು.

ಬೆನ್ನುನೋವಿನ ಜೊತೆಗೆ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ ಯಾರ ಕೈಗೂ ಬೆನ್ನನ್ನು ಕೊಡದೆ ಮೊದಲು ವೈದ್ಯರನ್ನು ಕಾಣಬೇಕು. ಹಿಂದೆ ಅರ್ಬುದ ರೋಗ ಆಗಿದ್ದವರೂ, ಬಿದ್ದು ಪೆಟ್ಟು ಮಾಡಿಕೊಂಡವರೂ, ಎಲುಬು ಟೊಳ್ಳಾದ ವೃದ್ಧರೂ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ಹಾಗೆಯೇ ಮಾಡಬೇಕು. ಕಾಲಿನ ಬಲ ಕುಗ್ಗಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯದೆ ಆ ಗಂಟೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನೆಲುಬಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದರ ಮಾತ್ರೆಗಳು ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿ ದೊರೆಯುತ್ತವೆ. ತಿಂಗಳುಗಟ್ಟಲೆ ಬಿಡದೆ ಸೇವಿಸಬೇಕು.

ಕೊರಳಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕೊರಳಿನ ಮಣಿಗಳ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮೆದುಳಿಗೆ ಏರುತ್ತವೆ. ಕೊರಳನ್ನು ಥಟ್ಟನೆ ತಿರುವಿದಾಗ, ಅಪರೂಪವಾಗಿಯಾದರೂ, ನಾಳದ ಒಳಪದರ ಹರಿದು ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತಗಲಿದ ಉದಾಹರಣೆಗಳುಂಟು. ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸಿದ ಮೇಲೆ ಪ್ರೀತಿಯಿಂದ ಕೊರಳಿನ ನೆಟಿಗೆ ತೆಗೆಯುವ ಪದ್ಧತಿ ನಮ್ಮಲ್ಲಿದೆ. ತರುಣರು ಅದನ್ನು ಬಯಸಿ ಮಾಡಿಸಿಕೊಳ್ಳುತ್ತಾರೆ. ಬೇಡವೆಂದು ಹೇಳಲು ಸಂಕೋಚಪಡಬೇಡಿರಿ. ಕೈಮುಟ್ಟಿಸಿಕೊಂಡ ಮೇಲೆ ಹಿಂದೆಂದೂ ಕಾಣದ ತಲೆನೋವು, ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಅಮೆರಿಕದಲ್ಲಿರುವ ನಮ್ಮ ಭಕ್ತರಿಗೆ ಪರವಾನಗಿ ಪಡೆದ ಕೈರೊಪ್ರ್ಯಾಕ್ಟರರು ಸುಲಭವಾಗಿ ದೊರೆಯುತ್ತಾರೆ. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕವಾದ ಶಾಸನಬದ್ಧ ಪರಿಷತ್ತಿಲ್ಲ. ಫಲಕ ಹಾಕಿಕೊಂಡವರೆಲ್ಲ ಕಲಿತವರೆಂದು ನಂಬುವಂತಿಲ್ಲ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳುವುದು ಅವಮರ್ಯಾದೆಯಲ್ಲ. ಪ್ರಶ್ನೆ ಕೇಳದೆ, ಪರೀಕ್ಷಿಸದೆ ಕೈಹಾಕುವವರಿಂದ ದೂರವಿರಿ. ಮೂವತ್ತು ನಾಲ್ವತ್ತು ಸಲದ ಹಣವನ್ನು ಮುಂಗಡವಾಗಿ ಕೇಳುವವರಿಂದಲೂ, ಎಲ್ಲ ರೋಗಕ್ಕೂ ಬೆನ್ನೇ ಮೂಲವೆನ್ನುವವರಿಂದಲೂ ದೂರವಿರಿ. ಸಾಮಾನ್ಯ ಸ್ನಾಯು ಕೀಲುಗಳ ನೋವಿಗೆ ನಮ್ಮ ಊರುಗಳಲ್ಲಿ ಈಗ ಶಿಕ್ಷಣ ಪಡೆದ ಫಿಸಿಯೋಥೆರಪಿ ಚಿಕಿತ್ಸಕರಿದ್ದಾರೆ; ಅವರು ಕೈಯ ಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಬಲ್ಲರು.

ಎಲ್ಲಕ್ಕಿಂತ ಮಿಗಿಲಾದುದು ಚಲನೆ. ಬೆನ್ನು ನೋವೆಂದು ವಾರಗಟ್ಟಲೆ ಮಲಗುವುದು ಹಳೆಯ ಪದ್ಧತಿ. ತಾಳಿಕೊಳ್ಳುವಷ್ಟು ನಡೆದಾಡುವುದೇ ಒಳ್ಳೆಯದೆಂದು ಇಂದಿನ ವೈದ್ಯರ ಅಭಿಪ್ರಾಯ. ನಾವು ಈಗ ಪ್ರವಚನದ ನಡುವೆ ಒಮ್ಮೆ ಎದ್ದು ನಿಲ್ಲುತ್ತೇವೆ, ಸಭೆಯನ್ನೂ ನಿಲ್ಲಿಸುತ್ತೇವೆ. ಮೊದಲು ನಕ್ಕವರು ಈಗ ತಾವಾಗಿಯೇ ಏಳುತ್ತಾರೆ.

ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇವೆ. ವಯಸ್ಕ ಪುರುಷನು ಹೊರುವ ಭಾರ ೫೫ ಕಿಲೋ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿತ್ತು. ನಮ್ಮ ಉಗ್ರಾಣದಲ್ಲಿ ಮೊನ್ನೆ ಮೊನ್ನೆಯವರೆಗೂ ನೂರು ಕಿಲೋದ ಚೀಲವನ್ನು ಒಬ್ಬನೇ ಹೊರುವುದು ಪೌರುಷವೆಂದು ಎಣಿಸಲಾಗುತ್ತಿತ್ತು. ದಾಸೋಹಕ್ಕೆ ಬರುವ ಅನ್ನ ಯಾರ ಬೆನ್ನನ್ನು ಮುರಿದು ಬರುತ್ತದೆಂಬುದನ್ನು ನಾವು ಕೇಳಿರಲಿಲ್ಲ. ಈಗ ದೊಡ್ಡ ಚೀಲಗಳನ್ನು ಬಿಚ್ಚಿ ಸಣ್ಣದಾಗಿ ಮಾಡಿಯೇ ಒಳಗೆ ತರಬೇಕು. ಎರಡು ಕೈಗಾಡಿಗಳನ್ನು ಕೊಂಡಿದ್ದೇವೆ. ಧಾನ್ಯ ಕಳುಹುವ ಭಕ್ತರು ೨೫ ಕಿಲೋದ ಚೀಲಗಳಲ್ಲಿಯೇ ಕಳುಹಬೇಕೆಂದು ಈ ಮೂಲಕ ವಿನಂತಿಸುತ್ತೇವೆ.

ಆ ಭಕ್ತರು ಒಂದು ವರ್ಷ ಮಾತ್ರೆ ಸೇವಿಸಿದರು. ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಅವರ ಕಾಲುಗಳಿಗೆ ಮತ್ತೆ ನಡೆಯುವುದನ್ನು ಕಲಿಸಿದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಎಡಗಾಲು ಸ್ವಲ್ಪ ಎಳೆಯುತ್ತದೆ. ಭಾರ ಹೊರುವಂತಿಲ್ಲ. ಉಗ್ರಾಣದ ಬಾಗಿಲಲ್ಲಿ ಕುಳಿತು ಬಂದ ಚೀಲಗಳ ಲೆಕ್ಕ ಬರೆಯುತ್ತಾರೆ. ಮಠಕ್ಕೆ ಬರುವ ಯಾರಾದರೂ ಬೆನ್ನು ಹಿಡಿದುಕೊಂಡು ನಡೆಯುವುದನ್ನು ಕಂಡರೆ ಹತ್ತಿರ ಕರೆದು, "ಸಂಜೀಕ ಜ್ವರ ಬರತಾವೇನು? ಮೈ ಇಳದೈತೇನು?" ಎಂದು ಕೇಳುತ್ತಾರೆ. ಹೌದೆಂದವರನ್ನು ನಮ್ಮ ದರ್ಶನಕ್ಕೂ ಬಿಡದೆ ಮೊದಲು ಆಸ್ಪತ್ರೆಗೆ ಕಳಿಸುತ್ತಾರೆ. ಅವರಿಗೆ ಆ ಅಧಿಕಾರವನ್ನು ನಾವೇ ಕೊಟ್ಟಿದ್ದೇವೆ.

ತಮ್ಮೆಲ್ಲರ ಶರೀರ ಆರೋಗ್ಯವಾಗಿರಲಿ. ಕಾಯಕಕ್ಕೂ ಪೂಜೆಗೂ ನೆಟ್ಟಗೆ ನಿಲ್ಲುವ ಬೆನ್ನು ತಮಗಿರಲಿ ಎಂದು ಹಾರೈಸುತ್ತೇವೆ.